ಮಹಾಕಾವ್ಯ ಮತ್ತು ಅದರ ನಾಯಕ: ಗೆದ್ದವರ ಕಥೆಯಲ್ಲಿ ಸೋತವರ ಸ್ಥಾನ



'ಮಹಾಕಾವ್ಯದ ಲಕ್ಷಣಗಳನ್ನು ತಿಳಿಸಿ' ಎಂಬ ಪ್ರಶ್ನೆಗೆ ನಿಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ಉತ್ತರ ಬರೆದಿರಬಹುದು. ಗಾತ್ರ ದೊಡ್ಡದಿರಬೇಕು, ನಾಯಕ ಧೀರೋದಾತ್ತನಾಗಿರಬೇಕು, ಯುದ್ಧವಿರಬೇಕು, ಅಷ್ಟಾದಶ ವರ್ಣನೆಗಳಿರಬೇಕು, ಕಡೆಗೆ ನಾಯಕನಿಗೆ ಜಯವಾಗಬೇಕು. ಇಷ್ಟು ಬರೆದರೆ ಅಂಕಗಳೇನೋ ಬರುತ್ತವೆ. ಆದರೆ ಒಂದು ಕ್ಷಣ ನಿಂತು ಯೋಚಿಸಿ. ಭಾರತದ ಕಥೆ ಕೇಳುವ ನಮ್ಮ ಜನ ಕಣ್ಣೊರೆಸಿಕೊಳ್ಳುವುದು ಯಾರಿಗಾಗಿ? ಗೆದ್ದ ಅರ್ಜುನನಿಗಾಗಿ ಅಲ್ಲ. ರಥದ ಗಾಲಿ ನೆಲದಲ್ಲಿ ಹೂತು ಮಡಿದ ಕರ್ಣನಿಗಾಗಿ. ದೂರದ ಗ್ರೀಸಿನಲ್ಲೂ ಹೀಗೆಯೇ. ಹೋಮರನ ಕಾವ್ಯ ಓದಿದವರ ಮನಸ್ಸಿನಲ್ಲಿ ಉಳಿಯುವವನು ಶತ್ರುಪಕ್ಷದ ಹೆಕ್ಟರ್.

ಲಕ್ಷಣಗ್ರಂಥ ಗೆದ್ದವನ ಕಡೆ ಬೆರಳು ತೋರಿಸುತ್ತದೆ. ಕಾವ್ಯ ಓದಿದ ಮನಸ್ಸು ಸೋತವನ ಕಡೆ ಹೋಗುತ್ತದೆ. ಈ ಅಂತರ ಹೇಗೆ ಬಂತು? ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆಯೂ ಹೌದು. ಮಹಾಕಾವ್ಯವನ್ನು ಯಾರು ಹಾಡಿದರು, ಯಾರು ಬರೆಸಿದರು, ಯಾರು ಕೇಳಿದರು ಎಂಬುದನ್ನು ತಿಳಿದರೆ ಉತ್ತರದ ಬಹುಭಾಗ ತಾನಾಗಿ ಹೊಳೆಯುತ್ತದೆ.

ಲಕ್ಷಣಗಳ ಪಟ್ಟಿ ಎಲ್ಲಿಂದ ಬಂತು?

ಮೊದಲು ಒಂದು ವಿಷಯ ನೆನಪಿಡಿ. ಕಾವ್ಯ ಮೊದಲು, ಲಕ್ಷಣ ಆಮೇಲೆ. ಹೋಮರನ ಹೆಸರಿನಲ್ಲಿರುವ 'ಇಲಿಯಡ್' ಮತ್ತು 'ಒಡಿಸ್ಸಿ' ಕಾವ್ಯಗಳು ರೂಪುಗೊಂಡದ್ದು ಸುಮಾರು ಕ್ರಿ.ಪೂ. 8ನೆಯ ಶತಮಾನದ ಆಸುಪಾಸಿನಲ್ಲಿ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅವುಗಳ ಗುಣವನ್ನು ಕುರಿತು ಅರಿಸ್ಟಾಟಲ್ ವಿವೇಚನೆ ನಡೆಸಿದ್ದು ಕ್ರಿ.ಪೂ. 4ನೆಯ ಶತಮಾನದಲ್ಲಿ. ಮಹಾಕಾವ್ಯ ಒಂದೇ ಛಂದಸ್ಸಿನಲ್ಲಿ ನಡೆಯುವ ಕಥನ, ಅದಕ್ಕೆ ನಾಟಕದಂತೆ ಕಾಲದ ಕಟ್ಟುಪಾಡಿಲ್ಲ, ಆದರೂ ಅದರ ಕ್ರಿಯೆಗೆ ಒಂದು ಐಕ್ಯ ಬೇಕು ಎಂದು ಅವನು ಹೇಳಿದ. ಹೋಮರ್ ಇಡೀ ಟ್ರಾಯ್ ಯುದ್ಧವನ್ನು ಹೇಳಹೊರಡದೆ ಅದರ ಒಂದು ಭಾಗವನ್ನು ಮಾತ್ರ ಆರಿಸಿಕೊಂಡದ್ದನ್ನು ಅವನು ವಿಶೇಷವಾಗಿ ಮೆಚ್ಚಿಕೊಂಡ.

ನಮ್ಮಲ್ಲಿಯೂ ಇದೇ ಕ್ರಮ. ರಾಮಾಯಣ ಆದಿಕಾವ್ಯವೆಂದೂ ಮಹಾಭಾರತ ಇತಿಹಾಸವೆಂದೂ ಹೆಸರಾಗಿ ಎಷ್ಟೋ ಕಾಲದ ಮೇಲೆ, ಸುಮಾರು 7ನೆಯ ಶತಮಾನದಲ್ಲಿ, ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಮಹಾಕಾವ್ಯದ ಲಕ್ಷಣ ಹೇಳಿದ. ಸರ್ಗಗಳ ವಿಭಾಗ, ಮಂಗಳದ ಆರಂಭ, ಚತುರನೂ ಉದಾತ್ತನೂ ಆದ ನಾಯಕ, ನಗರ, ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳ ವರ್ಣನೆ, ಮಂತ್ರಾಲೋಚನೆ, ದೂತಪ್ರೇಷಣ, ದಂಡಯಾತ್ರೆ, ಯುದ್ಧ, ನಾಯಕನ ಅಭ್ಯುದಯ ಇವೆಲ್ಲ ಅವನ ಪಟ್ಟಿಯಲ್ಲಿವೆ. ಈ ಗ್ರಂಥವನ್ನು ಬಹುಮಟ್ಟಿಗೆ ಆಧರಿಸಿಯೇ 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ನಮ್ಮ 'ಕವಿರಾಜಮಾರ್ಗ' ಹುಟ್ಟಿತು.

ಆದರೆ ದಂಡಿಯ ಪಟ್ಟಿಯಲ್ಲಿ ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಾತಿದೆ. ನಾಯಕನ ಗುಣಗಳನ್ನು ಹೊಗಳಿ ಆಮೇಲೆ ಶತ್ರುವಿನ ನಾಶವನ್ನು ಹೇಳುವುದು ಒಂದು ದಾರಿ. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನೇ ಮೊದಲು ವರ್ಣಿಸಿ, ಅಂಥವನನ್ನು ನಾಯಕ ಗೆದ್ದನೆಂದು ಹೇಳುವುದು ಇನ್ನೊಂದು ದಾರಿ. ಅದೂ ತನಗೆ ಇಷ್ಟವೆನ್ನುತ್ತಾನೆ ದಂಡಿ. ಅಂದರೆ ಶತ್ರುವನ್ನು ಹಿರಿದಾಗಿ ಕಾಣುವುದಕ್ಕೆ ಶಾಸ್ತ್ರವೇ ಒಂದು ಬಾಗಿಲು ತೆರೆದಿಟ್ಟಿತ್ತು. ಕನ್ನಡ ಕವಿಗಳು ಆ ಬಾಗಿಲಿನಿಂದ ಎಷ್ಟು ದೂರ ನಡೆದರೆಂಬುದನ್ನು ಮುಂದೆ ನೋಡೋಣ.

ಹಾಡಿದ್ದೇ? ಬರೆದದ್ದೇ?

ಮಹಾಕಾವ್ಯದ ಕೆಲವು ಲಕ್ಷಣಗಳು ಶಾಸ್ತ್ರದಿಂದ ಬಂದವಲ್ಲ, ಹಾಡುಗಾರನ ಅಗತ್ಯದಿಂದ ಬಂದವು. 'ಇಲಿಯಡ್' ಓದುವಾಗ ಅಕಿಲೀಸನನ್ನು ಮತ್ತೆ ಮತ್ತೆ ವೇಗದ ಕಾಲಿನವನೆಂದೇ ಕರೆಯುವುದನ್ನು ನೀವು ಗಮನಿಸುತ್ತೀರಿ, ಅವನು ಸುಮ್ಮನೆ ಕುಳಿತಿದ್ದಾಗಲೂ ಕೂಡ! ಇದು ಕವಿಯ ಮರೆವೇ? ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಈ ಪ್ರಶ್ನೆಯನ್ನು ಹಿಡಿದು ಹೊರಟ. ಬರವಣಿಗೆಯ ನೆರವಿಲ್ಲದೆ, ಹಾಡುತ್ತಲೇ ಸಾಲು ಕಟ್ಟುವವನಿಗೆ ಛಂದಸ್ಸಿಗೆ ಹೊಂದುವ ಸಿದ್ಧ ನುಡಿಗಟ್ಟುಗಳು ಬೇಕು; ಈ ವಿಶೇಷಣಗಳು ಅಂಥ ಇಟ್ಟಿಗೆಗಳು ಎಂಬುದು ಅವನು ಕಂಡುಕೊಂಡ ಉತ್ತರ.

ಇದನ್ನು ಜೀವಂತ ಗಾಯಕರಲ್ಲಿ ಪರೀಕ್ಷಿಸಲು ಪ್ಯಾರಿ 1933ರಿಂದ 1935ರವರೆಗೆ ಅಂದಿನ ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಾಡಿದ. ಅವನ ಜೊತೆಗಿದ್ದವನು ಶಿಷ್ಯ ಆಲ್ಬರ್ಟ್ ಲಾರ್ಡ್. ಅಲ್ಲಿ ಅವ್ದೋ ಮೆದ್ಯೆದೊವಿಚ್ ಎಂಬ ಅನಕ್ಷರಸ್ಥ ಗಾಯಕ 12,000ಕ್ಕೂ ಹೆಚ್ಚು ಸಾಲುಗಳ ಒಂದೇ ಕಾವ್ಯವನ್ನು ಹಲವು ದಿನಗಳಲ್ಲಿ ಹೇಳಿ ಬರೆಸಿದ. 'ಒಡಿಸ್ಸಿ'ಯ ಗಾತ್ರವೂ ಸುಮಾರು ಅಷ್ಟೇ. ಬರಹವಿಲ್ಲದೆ ಇಷ್ಟು ದೊಡ್ಡ ಕಾವ್ಯ ಸಾಧ್ಯವಿಲ್ಲ ಎಂಬ ಹಳೆಯ ವಾದ ಇದರಿಂದ ಬಲ ಕಳೆದುಕೊಂಡಿತು. ಪ್ಯಾರಿ 1935ರಲ್ಲೇ ತೀರಿಕೊಂಡ. ಆ ಕೆಲಸವನ್ನು ಮುಂದುವರಿಸಿದ ಲಾರ್ಡ್ 1960ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಹೊರತಂದ.

ಇದು ನಮಗೆ ಹೊಸದೇನಲ್ಲ. ಕಂಸಾಳೆಯವರು ಮಲೆಯ ಮಹದೇಶ್ವರನ ಕಾವ್ಯವನ್ನು, ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯಿಡೀ ಹಾಡುವುದನ್ನು ಹಳೆಯ ಮೈಸೂರಿನ ಕಡೆಯವರಾದ ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಪಲ್ಲವಿ ಮರಳಿ ಬರುವುದು, ಒಂದೇ ಮಾತು ಮೂರು ಸಲ ಬರುವುದು, ದೇವರನ್ನು ಅದೇ ಬಿರುದಿನಿಂದ ಕರೆಯುವುದು ಇವು ಬೇಸರ ತರಿಸುವ ಪುನರುಕ್ತಿಗಳಲ್ಲ. ಗಾಯಕನಿಗೆ ಮುಂದಿನ ಸಾಲು ಹುಡುಕಲು, ಕೇಳುಗನಿಗೆ ಹಿಂದಿನ ಸಾಲು ಅರಗಿಸಿಕೊಳ್ಳಲು ಸಿಗುವ ಬಿಡುವುಗಳು.

ಕಥೆ ಎಲ್ಲಿಂದ ಆರಂಭ?

ಇನ್ನೊಂದು ಲಕ್ಷಣ ನೋಡಿ. ಅನೇಕ ಮಹಾಕಾವ್ಯಗಳು ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ. 'ಇಲಿಯಡ್' ತೆರೆಯುವ ಹೊತ್ತಿಗೆ ಯುದ್ಧ ಹತ್ತನೆಯ ವರ್ಷಕ್ಕೆ ಬಂದಿದೆ. ಕಾವ್ಯದಲ್ಲಿ ನಡೆಯುವುದು ಕೆಲವೇ ವಾರಗಳ ಸಂಗತಿ. ಮರದ ಕುದುರೆಯ ಪ್ರಸಂಗ 'ಇಲಿಯಡ್'ನಲ್ಲಿ ಇಲ್ಲವೇ ಇಲ್ಲ! ಅಕಿಲೀಸನ ಸಾವೂ ಅಲ್ಲಿ ನಡೆಯುವುದಿಲ್ಲ. ಅವನ ಸಿಟ್ಟಿನಿಂದ ಕಾವ್ಯ ಆರಂಭವಾಗುತ್ತದೆ, ಅವನ ಕೈಯಲ್ಲಿ ಸತ್ತ ಹೆಕ್ಟರನ ಅಂತ್ಯಕ್ರಿಯೆಯಿಂದ ಮುಗಿಯುತ್ತದೆ. ಮೊದಲು ಬಂದವನು ಗೆದ್ದವನು. ಕೊನೆಗೆ ಉಳಿದವನು ಸೋತವನು.

ಕನ್ನಡದಲ್ಲಿ ಈ ತಂತ್ರವನ್ನು ಇನ್ನೂ ಬಿಗಿಯಾಗಿ ಬಳಸಿದವನು ರನ್ನ. ಸುಮಾರು ಕ್ರಿ.ಶ. 1000ದ ಆಸುಪಾಸಿನಲ್ಲಿ ಬಂದ ಅವನ 'ಗದಾಯುದ್ಧ'ಕ್ಕೆ ವಸ್ತು ಭಾರತ ಯುದ್ಧದ ಕಟ್ಟಕಡೆಯ ಘಟ್ಟ. ಸಿಂಹ ನಡೆಯುತ್ತಾ ಹಿಂದಿರುಗಿ ನೋಡುವಂತೆ, ಆ ಒಂದು ಘಟ್ಟದಿಂದ ಇಡೀ ಭಾರತವನ್ನು ಹಿನ್ನೋಟದಲ್ಲಿ ತೋರಿಸುವುದು ಅವನ ಕ್ರಮ. ಇದಕ್ಕೆ ಸಿಂಹಾವಲೋಕನ ಕ್ರಮವೆಂದೇ ಹೆಸರು. ರನ್ನ ಗ್ರೀಕ್ ಕಾವ್ಯವನ್ನು ಕಂಡವನಲ್ಲ. ದೊಡ್ಡ ಕಥೆಯನ್ನು ಹಿಡಿಯಬೇಕಾದರೆ ಅದರ ಮರ್ಮದ ಒಂದು ಗಂಟನ್ನು ಹಿಡಿಯಬೇಕು ಎಂಬ ತಿಳಿವಳಿಕೆ ಇಬ್ಬರಿಗೂ ಬೇರೆ ಬೇರೆಯಾಗಿಯೇ ದೊರೆಯಿತು.

ನಾಯಕ ಎಂದರೆ ಯಾರು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬಲಶಾಲಿಯಾದ ಮಾತ್ರಕ್ಕೆ ಯಾರೂ ಮಹಾಕಾವ್ಯದ ನಾಯಕನಾಗುವುದಿಲ್ಲ. ಹಾಗಾದರೆ ಜಟ್ಟಿಗಳೆಲ್ಲ ನಾಯಕರಾಗುತ್ತಿದ್ದರು. ನಾಯಕನನ್ನು ಗುರುತಿಸುವುದು ಅವನ ತೋಳಿನಿಂದಲ್ಲ, ಅವನು ಮಾಡುವ ಆಯ್ಕೆಯಿಂದ. ಮೂರು ಉದಾಹರಣೆಗಳನ್ನು ನೋಡಿ.

ಮೊದಲನೆಯದು, ನಮಗೆ ದೊರೆತಿರುವ ಅತಿ ಪ್ರಾಚೀನ ಮಹಾಕಾವ್ಯಗಳಲ್ಲಿ ಒಂದಾದ 'ಗಿಲ್ಗಮೆಶ್'. ಇಂದಿನ ಇರಾಕಿನ ನಿನೆವೆಯಲ್ಲಿ, ಅಸ್ಸೀರಿಯದ ಅಶುರ್ಬನಿಪಾಲ ದೊರೆಯ ಗ್ರಂಥಭಂಡಾರದ ಅವಶೇಷಗಳಲ್ಲಿ ಇದರ ಮಣ್ಣಿನ ಫಲಕಗಳು ಸಿಕ್ಕವು. ಅವುಗಳಲ್ಲಿ ಜಲಪ್ರಳಯದ ಕಥೆಯಿರುವುದನ್ನು ಓದಿ ಗುರುತಿಸಿದ ಜಾರ್ಜ್ ಸ್ಮಿತ್ 1872ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರಕಟಪಡಿಸಿದಾಗ ವಿದ್ವತ್ ಪ್ರಪಂಚ ಬೆರಗಾಯಿತು. ಉರುಕ್ ನಗರದ ರಾಜ ಗಿಲ್ಗಮೆಶ್ ತನ್ನ ಜೀವದ ಗೆಳೆಯ ಎಂಕಿಡು ಸತ್ತಾಗ ಮೊದಲ ಬಾರಿಗೆ ಸಾವಿಗೆ ಹೆದರುತ್ತಾನೆ. ಅಮರತ್ವ ಹುಡುಕಿ ಲೋಕದ ಅಂಚಿಗೆ ಹೋಗುತ್ತಾನೆ. ಯೌವನ ಮರಳಿಸುವ ಗಿಡ ಕೈಗೆ ಸಿಗುತ್ತದೆ, ಅದನ್ನೂ ಹಾವು ಕದ್ದೊಯ್ಯುತ್ತದೆ. ಬರಿಗೈಯಲ್ಲಿ ಊರಿಗೆ ಬಂದವನು ತನ್ನ ನಗರದ ಕೋಟೆಗೋಡೆಯನ್ನು ಜೊತೆಯವನಿಗೆ ತೋರಿಸುತ್ತಾನೆ. ಮನುಷ್ಯ ಸಾಯುತ್ತಾನೆ, ಕಟ್ಟಿದ್ದು ಸ್ವಲ್ಪ ಕಾಲ ಉಳಿಯುತ್ತದೆ. ಅಷ್ಟರಲ್ಲೇ ಅವನು ಸಮಾಧಾನ ಕಂಡುಕೊಳ್ಳಬೇಕಾಗುತ್ತದೆ.

ಎರಡನೆಯವನು ಅಕಿಲೀಸ್. ಅವನ ಮುಂದೆ ಎರಡು ದಾರಿಗಳಿವೆಯೆಂದು ತಾಯಿ ಥೆಟಿಸ್ ತಿಳಿಸಿರುತ್ತಾಳೆ: ಮನೆಗೆ ಮರಳಿದರೆ ಕೀರ್ತಿಯಿಲ್ಲದ ದೀರ್ಘಾಯುಷ್ಯ, ಟ್ರಾಯಿನಲ್ಲಿ ಉಳಿದರೆ ಅಲ್ಪಾಯುಷ್ಯ ಮತ್ತು ಅಳಿಯದ ಕೀರ್ತಿ. ಗೆಳೆಯ ಪೆಟ್ರೊಕ್ಲಸ್ ಸತ್ತ ಮೇಲೆ, ತನ್ನ ಸಾವು ಖಚಿತವೆಂದು ತಿಳಿದೂ, ಅವನು ಎರಡನೆಯದನ್ನು ಆರಿಸಿಕೊಳ್ಳುತ್ತಾನೆ.

ಮೂರನೆಯವನು ನಮ್ಮ ಕರ್ಣ. ಯುದ್ಧಕ್ಕೆ ಮೊದಲೇ ಕೃಷ್ಣ ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಪಾಂಡವರ ಹಿರಿಯಣ್ಣನಾಗಿ ಸಿಂಹಾಸನ ಏರುವಂತೆ ಕರೆಯುತ್ತಾನೆ. ಆ ಕಡೆ ಹೋದರೆ ರಾಜ್ಯ, ಸೋದರರು, ತಾಯಿ, ಜೀವ ಎಲ್ಲವೂ ಇವೆ. ಈ ಕಡೆ ಉಳಿದರೆ ಸೋಲು ಮತ್ತು ಸಾವು. ಕರ್ಣ ಈ ಕಡೆಯೇ ಉಳಿಯುತ್ತಾನೆ. ತುಂಬಿದ ಸಭೆಯಲ್ಲಿ ತನ್ನನ್ನು ಕುಲದ ಹೆಸರಿನಲ್ಲಿ ಹೀಯಾಳಿಸಿದಾಗ ಕೈಹಿಡಿದವನು ದುರ್ಯೋಧನ. ಆ ಋಣದ ಮುಂದೆ ಸಿಂಹಾಸನ ಸಣ್ಣದಾಗಿ ಕಂಡಿತು.

ಈ ಮೂವರಲ್ಲಿ ಸಮಾನವಾದದ್ದೇನು? ಸಾವಿನ ಅರಿವು. ಮಹಾಕಾವ್ಯದಲ್ಲಿ ದೇವತೆಗಳು ಬಹಳ ಮಂದಿ ಬರುತ್ತಾರೆ, ವರ ಕೊಡುತ್ತಾರೆ, ಶಾಪ ಹಾಕುತ್ತಾರೆ. ಆದರೆ ಅವರು ನಾಯಕರಾಗುವುದು ಅಪರೂಪ. ಸಾವಿಲ್ಲದವರಿಗೆ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಕಳೆದುಕೊಳ್ಳುವುದಿದ್ದಾಗ ಮಾತ್ರ ಆಯ್ಕೆಗೆ ಬೆಲೆ. ರಾಮನಂಥ ಅವತಾರಪುರುಷನೂ ಮನುಷ್ಯನಾಗಿ ಹುಟ್ಟಿ ಕಾಡಿನಲ್ಲಿ ಹೆಂಡತಿಯನ್ನು ಕಳೆದುಕೊಂಡು ಅತ್ತ ಮೇಲೆಯೇ ನಮ್ಮವನಾದ.

ಅರಮನೆಯ ಕಾವ್ಯ, ಎದುರಾಳಿಯ ಗೌರವ

ಈಗ ಇತಿಹಾಸಕ್ಕೆ ಬನ್ನಿ. 10ನೆಯ ಶತಮಾನದ ಪಂಪ ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದವನು. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪ ಈ ದೊರೆಯನ್ನು ಅರ್ಜುನನಿಗೆ ಸಮೀಕರಿಸಿದ. ಅದಕ್ಕಾಗಿ ಕಥೆಯಲ್ಲೂ ಬದಲಾವಣೆಗಳಾದವು. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಗೆ ಪಟ್ಟಾಭಿಷೇಕವಾದದ್ದು ಧರ್ಮರಾಯನಿಗಲ್ಲ, ಅರ್ಜುನನಿಗೆ, ಸುಭದ್ರೆಯೊಡನೆ. ದೊರೆ ಕವಿಗೆ ಧರ್ಮವುರ ಎಂಬ ಅಗ್ರಹಾರವನ್ನು ಕೊಟ್ಟ. ಇಷ್ಟನ್ನೇ ನೋಡಿದರೆ ಇದು ಹೊಗಳಿಕೆಯ ಕಾವ್ಯ ಎನ್ನಿಸಬಹುದು.

ಆದರೆ ಕರ್ಣನ ಮರಣದ ಭಾಗಕ್ಕೆ ಬಂದಾಗ ಪಂಪ ತಡೆದು ನಿಲ್ಲುತ್ತಾನೆ. ಭಾರತದಲ್ಲಿ ನೆನೆಯಬೇಕಾದವನು ಕರ್ಣನೇ ಎಂಬ ಅರ್ಥದ ಮಾತನ್ನು ಕೇಳುಗರ ಮುಂದಿಡುತ್ತಾನೆ. ಯೋಚಿಸಿ: ಅರ್ಜುನನೆಂದು ಹೊಗಳಿಸಿಕೊಂಡ ದೊರೆ ಎದುರಿಗೆ ಕುಳಿತಿದ್ದಾನೆ, ಅರ್ಜುನ ಕೊಂದವನನ್ನು ನೆನೆಯಿರಿ ಎನ್ನುತ್ತಾನೆ ಕವಿ! ದಂಡಿ ಹೇಳಿದಂತೆ ಶತ್ರುವನ್ನು ಹೊಗಳಿ ನಾಯಕನನ್ನು ಎತ್ತರಿಸುವ ಉಪಾಯವಷ್ಟೇ ಇದಾಗಿದ್ದರೆ ಅದು ಕರ್ಣನ ಸಾವಿಗೆ ಮೊದಲೇ ಮುಗಿಯಬೇಕಿತ್ತು. ಸತ್ತ ಮೇಲೂ ಮುಂದುವರಿದದ್ದರಿಂದ ಅದು ಉಪಾಯವಾಗಿ ಉಳಿಯಲಿಲ್ಲ, ಕವಿಯ ತೀರ್ಪಾಯಿತು.

ರನ್ನನದೂ ಇದೇ ದಾರಿ. ಅವನ ಆಶ್ರಯದಾತ ಕಲ್ಯಾಣದ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗ. ಅವನನ್ನು ಭೀಮನಿಗೆ ಹೋಲಿಸಿ ಬರೆದದ್ದರಿಂದ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಆದರೆ ಓದುಗನ ಮನಸ್ಸಿನಲ್ಲಿ ನಿಲ್ಲುವುದು ರಣರಂಗದಲ್ಲಿ ಒಬ್ಬನೇ ನಡೆದುಹೋಗುವ ದುರ್ಯೋಧನ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರ ಶವಗಳ ಮುಂದೆ ನಿಂತು ಅವನು ದುಃಖಿಸುತ್ತಾನೆ. ಅವನು ಮಾಡಿದ ತಪ್ಪುಗಳನ್ನು ರನ್ನ ಮುಚ್ಚಿಡುವುದಿಲ್ಲ. ಆದರೂ ಛಲ ಬಿಡದ, ಗೆಳೆಯನನ್ನು ಮರೆಯದ ಆ ಮನುಷ್ಯನಲ್ಲಿ ಒಂದು ಹಿರಿಮೆಯನ್ನು ಕಾಣಿಸುತ್ತಾನೆ.

ಗ್ರೀಕ್ ಕವಿಯೂ ಹೀಗೆಯೇ ನಡೆದುಕೊಂಡ. 'ಇಲಿಯಡ್'ನ ಕೊನೆಯ ಭಾಗದಲ್ಲಿ ಟ್ರಾಯಿನ ಮುದಿ ದೊರೆ ಪ್ರಿಯಮ್ ರಾತ್ರಿಯಲ್ಲಿ ಅಕಿಲೀಸನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ಮಗನ ಶವವನ್ನು ಬೇಡುತ್ತಾನೆ. ಅಕಿಲೀಸನಿಗೆ ಊರಿನಲ್ಲಿರುವ ತನ್ನ ತಂದೆ ನೆನಪಾಗುತ್ತಾನೆ. ಇಬ್ಬರೂ ಅಳುತ್ತಾರೆ. ಗ್ರೀಕರು ಶತಮಾನಗಳ ಕಾಲ ಶಾಲೆಗಳಲ್ಲಿ ಕಲಿಸಿದ ಕಾವ್ಯ ಶತ್ರುವಿನ ತಂದೆಯ ಕಣ್ಣೀರಿಗೆ ಅಷ್ಟು ಜಾಗ ಕೊಟ್ಟಿತೆಂಬುದನ್ನು ಮರೆಯಬೇಡಿ.

ಕಲ್ಲಿನಲ್ಲಿ ಕಂಡ ನಾಯಕ

ಪಂಪನ ಕರ್ಣ ಪುಸ್ತಕದಲ್ಲಿ ಮಾತ್ರ ಹುಟ್ಟಿದವನೇ? ಅಲ್ಲ. ಅನ್ನದ ಋಣಕ್ಕೆ ಪ್ರಾಣ ಕೊಡುವುದು ಅಂದಿನ ಕರ್ನಾಟಕದ ಯೋಧರ ಬಾಳಿನ ನಿಯಮವಾಗಿತ್ತು. ಒಡೆಯನಿಗಾಗಿ ಸಾಯುವ ವೇಳೆವಾಳಿಗಳ ಉಲ್ಲೇಖ ನಮ್ಮ ಶಾಸನಗಳಲ್ಲಿ ಸಿಗುತ್ತದೆ. ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವಸನ್ನಿಧಿ. ಒಂದು ಮಹಾಕಾವ್ಯವನ್ನೇ ಮೂರು ಚಿತ್ರಗಳಲ್ಲಿ ಹೇಳಿದಂತೆ! ಅಲ್ಲಿರುವವರೆಲ್ಲ ಅರಸರಲ್ಲ. ತುರುಗಳನ್ನು ಹಿಡಿದೊಯ್ದಾಗ, ಊರಿಗೆ ದಾಳಿಯಾದಾಗ, ಹೆಣ್ಣುಮಕ್ಕಳ ಮಾನಕ್ಕೆ ಕುತ್ತು ಬಂದಾಗ ಅಡ್ಡ ನಿಂತು ಸತ್ತ ಸಾಮಾನ್ಯರು ಬಹಳ ಮಂದಿ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, 949-50ರ ಕಾಲದ ಶಾಸನ ಪಂಪನ ಕಾವ್ಯಕ್ಕೆ ಬಹುಮಟ್ಟಿಗೆ ಸಮಕಾಲೀನವಾದದ್ದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಸಂಗತಿ ಅದರಲ್ಲಿದೆ. ಗಂಗ ದೊರೆ ಬೂತುಗನ ಸೇವಕ ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಬಹುಮಾನವಾಗಿ ಅವನು ಕೇಳಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಎದುರಾಳಿಗೆ ಬೆನ್ನು ತೋರಿಸದೆ ಮಡಿದ ಒಂದು ನಾಯಿಗೂ ಗೌರವ ಸಲ್ಲಿಸಿದ ಸಮಾಜ ಅದು. ಅಂಥ ಸಮಾಜದ ಕೇಳುಗರಿಗೆ ಪಂಪನ ಕರ್ಣ ಅರ್ಥವಾಗದೆ ಇರುತ್ತಾನೆಯೇ?

ನಾಯಕಿಯ ಮಹಾಕಾವ್ಯ

ಇಲ್ಲಿಯವರೆಗೆ ಹೇಳಿದವರೆಲ್ಲ ಗಂಡಸರು, ಯುದ್ಧದವರು. ಹಾಗಾದರೆ ಹೆಣ್ಣಿಗೆ ಮಹಾಕಾವ್ಯವಿಲ್ಲವೇ? ಕರಾವಳಿಗೆ ಹೋಗಿ ನೋಡಿ. ತುಳುನಾಡಿನ 'ಸಿರಿ' ಮೌಖಿಕ ಮಹಾಕಾವ್ಯವನ್ನು ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ಧ್ವನಿಮುದ್ರಿಸಿದರು. ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಆ ಕೆಲಸದಲ್ಲಿ ಜೊತೆಗಿದ್ದರು. 1998ರಲ್ಲಿ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. 'ಇಲಿಯಡ್'ನ ಸಾಲುಗಳೂ ಸರಿಸುಮಾರು ಅಷ್ಟೇ.

ಸಿರಿಯ ಕೈಯಲ್ಲಿ ಕತ್ತಿಯಿಲ್ಲ. ಪರಸ್ತ್ರೀ ಸಂಗ ಮಾಡಿದ ಗಂಡ ಕಾಂತು ಪೂಂಜನನ್ನು ಅವಳು ಬಿಟ್ಟು ಹೊರಡುತ್ತಾಳೆ, ಮುಂದೆ ತನ್ನ ಇಚ್ಛೆಯಂತೆ ಇನ್ನೊಂದು ಮದುವೆಯಾಗುತ್ತಾಳೆ. ಅವಳ ಮೊಮ್ಮಕ್ಕಳಾದ ಅವಳಿ ಸೋದರಿಯರು ಅಬ್ಬಗ ಮತ್ತು ದಾರಗ ಚೆನ್ನೆಮಣೆ ಆಟದ ಜಗಳದಲ್ಲಿ ಸಾಯುತ್ತಾರೆ. ಯುದ್ಧಭೂಮಿ ಇಲ್ಲಿ ಮನೆಯ ಜಗಲಿಗೆ ಬಂದಿದೆ. ಆದರೆ ನಾವು ಮೇಲೆ ಕಂಡ ಲಕ್ಷಣ ಇಲ್ಲಿಯೂ ಇದೆ: ಬೆಲೆ ಎಷ್ಟೆಂದು ತಿಳಿದೂ ಮಾಡುವ ಆಯ್ಕೆ. ಸಿರಿ ಜಾತ್ರೆಗಳಲ್ಲಿ ನೂರಾರು ಹೆಂಗಸರು ಈ ಕಥೆಯ ಪಾತ್ರಗಳನ್ನು ತಮ್ಮ ಮೈಮೇಲೆ ತಂದುಕೊಳ್ಳುತ್ತಾರೆ. ಪುಸ್ತಕದ ಮಹಾಕಾವ್ಯಕ್ಕೆ ಓದುಗರಿದ್ದಾರೆ. ಈ ಮಹಾಕಾವ್ಯಕ್ಕೆ ಅದರೊಳಗೇ ಹೊಕ್ಕು ಬಾಳುವವರಿದ್ದಾರೆ.

ಇತಿಹಾಸದ ವಿದ್ಯಾರ್ಥಿಗೆ ಎರಡು ಮಾತು

ಮಹಾಕಾವ್ಯವನ್ನು ಇತಿಹಾಸವೆಂದು ಹಾಗೆಯೇ ನಂಬಬೇಡಿ, ಕಟ್ಟುಕಥೆಯೆಂದು ತಳ್ಳಲೂ ಬೇಡಿ. 'ಇಲಿಯಡ್'ನ ಒಂದು ಕಡೆ ಕಾಡುಹಂದಿಯ ಕೋರೆಹಲ್ಲುಗಳನ್ನು ಹೊಲಿದ ಶಿರಸ್ತ್ರಾಣದ ವರ್ಣನೆ ಬರುತ್ತದೆ. ಹೋಮರನ ಕಾಲಕ್ಕೆ ಅಂಥದು ಬಳಕೆಯಲ್ಲಿರಲಿಲ್ಲ. ಆದರೆ ಅವನಿಗಿಂತ ಶತಮಾನಗಳಷ್ಟು ಹಿಂದಿನ ಮೈಸೀನಿ ನಾಗರಿಕತೆಯ ಸಮಾಧಿಗಳಲ್ಲಿ ಅವು ಸಿಕ್ಕಿವೆ. ಒಂದು ಹಳೆಯ ನೆನಪು ಹಾಡಿನಿಂದ ಹಾಡಿಗೆ ಉಳಿದು ಬಂದಿತ್ತು. ಅದೇ ಕಾವ್ಯದಲ್ಲಿ ವೀರರು ರಥದಲ್ಲಿ ಬಂದು, ಕೆಳಗಿಳಿದು, ನಿಂತೇ ಕಾದುತ್ತಾರೆ. ರಥಯುದ್ಧ ಹೇಗಿತ್ತೆಂಬುದು ಅಷ್ಟು ಹೊತ್ತಿಗೆ ಮಸಕಾಗಿತ್ತು ಎನ್ನುವವರಿದ್ದಾರೆ. ಆದ್ದರಿಂದ ಕಾವ್ಯ ಯಾವ ಕಾಲದ ಕಥೆ ಹೇಳುತ್ತದೆ ಎಂದು ಕೇಳುವುದರ ಜೊತೆಗೆ, ಅದು ಯಾವ ಕಾಲದ ಜನರಿಗಾಗಿ ಹೇಳಿದ್ದು ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತದೆ.

ಮಹಾಕಾವ್ಯದ ಕಾಲ ಮುಗಿಯಿತೇ ಎಂದೂ ನೀವು ಕೇಳಬಹುದು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಪ್ರಕಟವಾದದ್ದು 1949ರಲ್ಲಿ; ಅದಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ಬಂತು. ಮಹಾಕಾವ್ಯಕ್ಕೆ ತಕ್ಕ ಮಹೋಪಮೆಗಳು ಅಲ್ಲಿ ಸಾಲುಗಟ್ಟಿವೆ. ರಾವಣನೂ ಅಲ್ಲಿ ಬರಿಯ ದುಷ್ಟನಾಗಿ ಸಾಯುವುದಿಲ್ಲ, ಅವನ ಒಳಗೊಂದು ಪರಿವರ್ತನೆ ನಡೆಯುತ್ತದೆ. ಪಂಪ ರನ್ನರು ಎದುರಾಳಿಗೆ ತೋರಿದ ಗೌರವ ಸಾವಿರ ವರ್ಷಗಳ ಮೇಲೆಯೂ ಕನ್ನಡದಲ್ಲಿ ಬತ್ತಿರಲಿಲ್ಲ.

ಇನ್ನು ಮುಂದೆ ಪರೀಕ್ಷೆಯಲ್ಲಿ ಆ ಹಳೆಯ ಪ್ರಶ್ನೆ ಬಂದಾಗ ಗಾತ್ರ, ಸರ್ಗ, ವರ್ಣನೆ, ಯುದ್ಧ ಎಲ್ಲವನ್ನೂ ಬರೆಯಿರಿ; ಅವು ತಪ್ಪಲ್ಲ. ಜೊತೆಗೆ ಇನ್ನೊಂದು ಲಕ್ಷಣವನ್ನು ಸೇರಿಸಿ: ಎದುರು ಪಾಳೆಯದಲ್ಲಿ ಸತ್ತವನೂ ಒಬ್ಬ ತಾಯಿಯ ಮಗ, ಅವನಿಗೂ ಒಂದು ಮಾತಿನ ನಿಷ್ಠೆ ಇತ್ತು ಎಂದು ಗೆದ್ದವರ ಮನೆಯಲ್ಲೇ ಕುಳಿತು ಹೇಳಬಲ್ಲ ಕಾವ್ಯ ಮಹಾಕಾವ್ಯ. ನಾವು ದಿನವೂ ಓದುವ, ಕೇಳುವ ಜಗಳದ ಸುದ್ದಿಗಳಲ್ಲಿ ಈ ಗುಣ ಎಷ್ಟಿದೆ ಎಂಬುದನ್ನು ನೀವೇ ಪರೀಕ್ಷಿಸಿ ನೋಡಿ. ಹಾಗೆ ನೋಡುವ ಕಣ್ಣು ಬಂದರೆ, ಪಂಪನನ್ನು ಓದಿದ್ದು ಬರಿಯ ಅಂಕಕ್ಕಾಗಿ ಆಗಲಿಲ್ಲ ಎಂದು ತಿಳಿಯಬಹುದು.